ವರ್ಷ ವರ್ಷದ ಹಾಡನ್ನು ಬರೆದಿಡಿ: ಒಂದು ಬಹಿರಂಗ ಪತ್ರ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧಿಕಾರಿಗಳಿಗೆ, ಬಾಗಲಕೋಟೆಯ ಕರ್ನಾಟಕ ಬಯಲಾಟ ಅಕಾಡೆಮಿಗೆ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ನಮಸ್ಕಾರ.

ಒಂದೇ ಒಂದು ಕೆಲಸ ಕೇಳಿಕೊಳ್ಳಲು ಈ ಪತ್ರ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಪ್ರತಿ ವರ್ಷ ಯಾವ ಹಾಡು ಜನರ ಬಾಯಲ್ಲಿತ್ತು, ಅದನ್ನು ಯಾರು ಬರೆದರು, ಯಾರು ಹಾಡಿದರು, ಯಾರು ನುಡಿಸಿದರು ಎಂದು ಬರೆದಿಡಿ. ಆ ಹಾಡಿನ ಒಂದು ಒಳ್ಳೆಯ ಪ್ರತಿಯನ್ನು ಕಾಪಾಡಿ. ಹಳೆಯ ಜನಪದ ಹಾಡುಗಳಿಗೆ ಮಾತ್ರ ಈ ಮರ್ಯಾದೆ ಬೇಡ. ಟ್ರ್ಯಾಕ್ಟರಿನ ಮೇಲೆ, ಗಣಪತಿ ಮೆರವಣಿಗೆಯಲ್ಲಿ, ಮದುವೆ ಮನೆಯ ಮುಂದೆ ಜೋರಾಗಿ ಹಚ್ಚುವ ಹಾಡುಗಳಿಗೂ ಕೊಡಿ. ಈ ವರ್ಷದ ಹಾಡುಗಳಿಂದಲೇ ಶುರು ಮಾಡಿ, ಅಲ್ಲಿಂದ ಹಿಂದಕ್ಕೆ ಹೋಗಿ.

ನಾನು ರಬಕವಿ-ಬನಹಟ್ಟಿಯವನು. ಮಗ್ಗದ ಸದ್ದಿನ ಊರು. ಭಜನಾ ಮೇಳದಲ್ಲಿ ಹಾರ್ಮೋನಿಯಂ ಹಿಡಿದು ಕಲಿತೆ. ಬಾದಾಮಿ ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳಿಗೆ ನುಡಿಸಿದೆ. ಆರ್ಕೆಸ್ಟ್ರಾ ಕಾಲ ಬಂದಾಗ ಕೀಬೋರ್ಡಿಗೆ ಬದಲಾದೆ. ಈಗ ಹುಡುಗರು ಮನೆಯ ಒಂದು ಕೋಣೆಯಲ್ಲಿ ಕಟ್ಟಿಕೊಂಡ ಸ್ಟುಡಿಯೋಗಳಿಗೆ ಹೋಗಿ ಹಾಡಿನ ಹಿನ್ನೆಲೆ ಸಂಗೀತದ ಟ್ರ್ಯಾಕ್ ಮಾಡಿಕೊಡುತ್ತೇನೆ. ಹಾಡು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂಬುದು ನನಗೆ ಬೆರಳಿನಲ್ಲೇ ತಿಳಿಯುತ್ತದೆ. ಹೋದ ವರ್ಷ ಎಲ್ಲರೂ ಕುಣಿದ ತಾಳವನ್ನು ಈ ವರ್ಷ ಹಾಕಿದರೆ, “ಕಾಕಾ, ಇದು ಹಳೇದಾತು, ಬ್ಯಾರೆ ಹಾಕ್ರಿ” ಎನ್ನುತ್ತಾರೆ. ಒಂದೇ ವರ್ಷದಲ್ಲಿ ಹಳೆಯದು! ಹಾಗೆ ಹಳೆಯದಾದ ಹಾಡು ಆಮೇಲೆ ಎಲ್ಲಿಗೆ ಹೋಗುತ್ತದೆ? ಹೆಚ್ಚಿನವು ಎಲ್ಲಿಯೂ ಉಳಿಯುವುದಿಲ್ಲ. ಅದೇ ನನ್ನ ಸಂಕಟ.

ಬೀಳಗಿಯ ಮಾತು ಹೇಳುತ್ತೇನೆ. ಅಮೀರಬಾಯಿ ಕರ್ನಾಟಕಿ ಹುಟ್ಟಿದ್ದು ಅಲ್ಲಿ. ಆಗ ಅದು ವಿಜಯಪುರ ಜಿಲ್ಲೆಯಲ್ಲಿತ್ತು, 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆಕೆ ಮುಂಬೈಗೆ ಹೋಗಿ ಹಿಂದಿ ಸಿನಿಮಾದ ದೊಡ್ಡ ಗಾಯಕಿಯಾದರು. 1943ರ ‘ಕಿಸ್ಮತ್’ ಸಿನಿಮಾದಲ್ಲಿ ಹಾಡಿದರು. ಆ ಸಿನಿಮಾ ಕಲ್ಕತ್ತಾದ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಓಡಿತು. ಎಂಬತ್ತು ವರ್ಷ ದಾಟಿದರೂ ಆ ವರ್ಷ ಅಮೀರಬಾಯಿ ಏನು ಹಾಡಿದರು, ಯಾರ ಸಂಗೀತ, ಯಾರ ಸಾಹಿತ್ಯ ಎಂದು ಇವತ್ತು ಯಾರು ಬೇಕಾದರೂ ಹುಡುಕಿ ತೆಗೆಯಬಹುದು. ರೆಕಾರ್ಡಿನ ಮೇಲೆ ಹೆಸರಿತ್ತು, ನಂಬರ್ ಇತ್ತು, ಕಂಪನಿಯ ಕ್ಯಾಟಲಾಗ್ ಇತ್ತು. ಆದರೆ ಅದೇ ಬೀಳಗಿಯಲ್ಲಿ 2003ರ ಜಾತ್ರೆಗೆ ಯಾವ ಹಾಡು ಹೆಚ್ಚು ಹಚ್ಚಿದರು ಎಂದು ಕೇಳಿದರೆ ಯಾರಿಂದಲೂ ಗಟ್ಟಿಯಾದ ಉತ್ತರ ಸಿಗುವುದಿಲ್ಲ. 1943ರ ಮುಂಬೈ ನಮಗೆ ಹತ್ತಿರವಿದೆ. 2003ರ ನಮ್ಮೂರು ದೂರವಾಗಿದೆ.

ಹಿಂದಿ ಸಿನಿಮಾ ಹಾಡಿಗೆ ವರ್ಷದ ಲೆಕ್ಕ ಇಟ್ಟವರಿದ್ದರು. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ (ಈಗಿನ ಶ್ರೀಲಂಕಾ) ಬಿನಾಕಾ ಗೀತ್‌ಮಾಲಾ ಎಂಬ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ಶುರುವಾಯಿತು. ಅದರ ನಿರೂಪಕ ಅಮೀನ್ ಸಯಾನಿ ಬುಧವಾರ ರಾತ್ರಿ 8ಕ್ಕೆ ಬರುತ್ತಿದ್ದರು. ಆಕಾಶವಾಣಿ ಆ ದಿನಗಳಲ್ಲಿ ಸಿನಿಮಾ ಹಾಡನ್ನು ದೂರ ಇಟ್ಟಿತ್ತು. 1957ರಲ್ಲಿ ವಿವಿಧ ಭಾರತಿ ಬರುವವರೆಗೆ ಜನ ಸಿಲೋನಿಗೇ ಕಿವಿ ಕೊಟ್ಟರು. ನಮ್ಮ ಹಿರಿಯರು ಚಹಾದಂಗಡಿಯ ರೇಡಿಯೋ ಸುತ್ತ ನಿಂತು ಯಾವ ಹಾಡು ಮೇಲೆ ಹೋಯಿತು, ಯಾವುದು ಇಳಿಯಿತು ಎಂದು ವಾದ ಮಾಡಿದ್ದನ್ನು ಹೇಳುತ್ತಿದ್ದರು. ಆ ಪಟ್ಟಿಯನ್ನು ರೆಕಾರ್ಡ್ ಅಂಗಡಿಗಳ ಮಾರಾಟ, ಊರೂರಿನ ಶ್ರೋತಾ ಸಂಘಗಳ ಮತ ಎರಡನ್ನೂ ಸೇರಿಸಿ ಮಾಡುತ್ತಿದ್ದರು. ಕೊನೆಗೆ ವರ್ಷದ ಪಟ್ಟಿ. ಪರಿಪೂರ್ಣ ಲೆಕ್ಕ ಅಲ್ಲದೇ ಇರಬಹುದು, ಆದರೆ ಲೆಕ್ಕವಂತೂ ಇತ್ತು. ಅದರಿಂದಲೇ ಇವತ್ತು ಒಬ್ಬ ಹುಡುಗ 1958ರಲ್ಲಿ ದೇಶ ಏನು ಗುನುಗುತ್ತಿತ್ತು ಎಂದು ತಿಳಿಯಬಲ್ಲ.

ಲೆಕ್ಕ ಇದ್ದರೆ ಏನೇನು ತಿಳಿಯಬಹುದು ಎಂಬುದಕ್ಕೆ ಇನ್ನೊಂದು ಉದಾಹರಣೆ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ 1958ರಿಂದ ವಾರವಾರವೂ ‘ಹಾಟ್ 100’ ಎಂಬ ಹಾಡಿನ ಪಟ್ಟಿ ಕೊಡುತ್ತಾ ಬಂದಿದೆ. 2015ರಲ್ಲಿ ಲಂಡನ್ನಿನ ಸಂಶೋಧಕರು ಆ ಪಟ್ಟಿಯಿಂದ 1960ರಿಂದ 2010ರವರೆಗಿನ ಸುಮಾರು 17,000 ಹಾಡುಗಳ ತುಣುಕುಗಳನ್ನು ತೆಗೆದುಕೊಂಡು ಕಂಪ್ಯೂಟರಿನಲ್ಲಿ ಅಳೆದರು. ಸ್ವರಗಳ ಜೋಡಣೆ, ವಾದ್ಯಗಳ ನಾದ ಯಾವ ವರ್ಷ ಎಷ್ಟು ಬದಲಾಯಿತು ಎಂದು ನೋಡಿದರು. ಮೂರು ವರ್ಷಗಳ ಸುತ್ತ ದೊಡ್ಡ ತಿರುವು ಕಂಡಿತು: 1964, 1983, 1991. 1964 ಎಂದರೆ ಬೀಟಲ್ಸ್ ತಂಡ ಅಮೆರಿಕಕ್ಕೆ ಬಂದ ವರ್ಷ. ಆದರೆ ಆ ಬದಲಾವಣೆ ಬೀಟಲ್ಸ್ ಬರುವ ಮೊದಲೇ ಶುರುವಾಗಿತ್ತು ಎಂದು ಗೊತ್ತಾಯಿತು. 1991ರ ತಿರುವು ಎಲ್ಲಕ್ಕಿಂತ ದೊಡ್ಡದು. ಅದು ರ‍್ಯಾಪ್ ಹಾಡು ಮೇಲೆ ಬಂದ ಕಾಲ. ಎಲ್ಲರೂ ನಂಬಿದ ಕಥೆಯನ್ನು ಹೀಗೆ ಪರೀಕ್ಷೆ ಮಾಡಲು ಸಾಧ್ಯವಾದದ್ದು ಪಟ್ಟಿಯೂ ಹಾಡೂ ಎರಡೂ ಉಳಿದಿದ್ದರಿಂದ.

ನಮ್ಮ ಕಡೆಯ ಹಾಡಿಗೂ ಇಂಥ ಪ್ರಶ್ನೆಗಳಿವೆ. ಕೀಬೋರ್ಡ್ ಬಂದ ಮೇಲೆ ಧಾಟಿ ಬದಲಾಯಿತೋ, ಧಾಟಿ ಬದಲಾಗುತ್ತಿದ್ದುದರಿಂದ ಕೀಬೋರ್ಡ್ ಬೇಕಾಯಿತೋ? ಪ್ರೀತಿಯ ಹಾಡಿನಲ್ಲಿ ಹೊಲ, ಬಾವಿ, ಎತ್ತು ಹೋಗಿ ಟ್ರ್ಯಾಕ್ಟರ್, ಮೊಬೈಲ್, ಸ್ಟೇಟಸ್ ಬಂದದ್ದು ಯಾವ ವರ್ಷದಿಂದ? ಮರಾಠಿ ಲಾವಣಿಯ ನಡೆ ಚಿಕ್ಕೋಡಿ, ರಾಯಬಾಗ ದಾಟಿ ಇಂಡಿ, ಸಿಂದಗಿ ಕಡೆಗೆ ಯಾವಾಗ ಹೋಯಿತು? ನನ್ನದೇ ಅಂದಾಜುಗಳಿವೆ. ಇನ್ನೊಬ್ಬ ಕಲಾವಿದನದು ಬೇರೆ ಅಂದಾಜು. ಜಗಳ ಹರಿಸಲು ಹಾಡುಗಳೇ ಕೈಯಲ್ಲಿಲ್ಲ.

ನಮ್ಮಲ್ಲಿ ಹಾಡಿನ ವರ್ಷ ಜನವರಿಯಿಂದ ಶುರುವಾಗುವುದಿಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ದಾಖಲೆ ಮಾಡುವವರಿಗೆ ಇದು ಮುಖ್ಯ. ಶ್ರಾವಣ ಭಜನೆಯ ತಿಂಗಳು. ಆಮೇಲೆ ಗಣಪತಿ. ಬೆಳಗಾವಿ, ನಿಪ್ಪಾಣಿ ಕಡೆ ಒಂದೇ ಮೆರವಣಿಗೆಯಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಕೇಳುತ್ತವೆ. ದೀಪಾವಳಿ ಹೊತ್ತಿಗೆ ಕಬ್ಬಿನ ಹಂಗಾಮು. ಮುಧೋಳ, ಜಮಖಂಡಿ, ಗೋಕಾಕ, ಅಥಣಿ ರಸ್ತೆಗಳಲ್ಲಿ ರಾತ್ರಿಯಿಡೀ ಕಬ್ಬಿನ ಗಾಡಿಗಳು, ಅವುಗಳ ಮೇಲೆ ದೊಡ್ಡ ಸ್ಪೀಕರುಗಳು. ಹೊಸ ಹಾಡು ಗೆದ್ದಿತೋ ಸೋತಿತೋ ಎಂದು ಅಲ್ಲಿ ತೀರ್ಮಾನವಾಗುತ್ತದೆ. ಚಾಲಕರು ಹಚ್ಚಿದ ಹಾಡು ಓಡುತ್ತದೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಬನದ ಹುಣ್ಣಿಮೆಗೆ ಬನಶಂಕರಿ. ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಚೌಡಕಿ ಪದ. ನಂತರ ಮದುವೆಗಳು. ಮೊಹರಂ ಮಾತ್ರ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಹೀಗಾಗಿ ಮೊಹರಂನಲ್ಲಿ ಹಾಡುವ ರಿವಾಯತ್ ಪದ ಕೆಲವು ವರ್ಷ ಬೇಸಿಗೆಯ ಹಾಡು, ಕೆಲವು ವರ್ಷ ಮಳೆಗಾಲದ ಹಾಡು. 2018, 2019ರಲ್ಲಿ ಮೊಹರಂ ಮತ್ತು ಗಣಪತಿ ಒಂದೇ ತಿಂಗಳಲ್ಲಿ ಬಂದವು. ಹಲಗಿ ಬಾರಿಸುವವರು ಎರಡೂ ಕಡೆ ಅವರೇ. ಇಲ್ಲಿಯ ಪೆಟ್ಟು ಅಲ್ಲಿಗೆ, ಅಲ್ಲಿಯ ಪೆಟ್ಟು ಇಲ್ಲಿಗೆ ಹೋಗಿದ್ದನ್ನು ನಾನೇ ಕೇಳಿದ್ದೇನೆ. ಇಂಥ ಬದಲಾವಣೆಯನ್ನು ಆ ವರ್ಷವೇ ಹಿಡಿಯಬೇಕು. ಹತ್ತು ವರ್ಷದ ಮೇಲೆ ಬಂದು ಕೇಳಿದರೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಇನ್ನು ಯಂತ್ರದ ಮಾತು. ಹಾಡನ್ನು ಹೊತ್ತು ತರುವ ಯಂತ್ರ ಬದಲಾದ ಹಾಗೆ ಹಾಡಿನ ಮೈಕಟ್ಟೂ ಬದಲಾಗುತ್ತದೆ. ಹಳೆಯ 78 ಆರ್‌ಪಿಎಂ ರೆಕಾರ್ಡಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷ. ಗೀಗೀ ಮೇಳದವರು ರಾತ್ರಿಯಿಂದ ಬೆಳಗಿನವರೆಗೆ ಕಲ್ಗಿ, ತುರಾಯಿ ಎಂಬ ಎರಡು ಪಂಗಡಗಳ ವಾದ ಹಾಡುವವರು. ಆ ಹಾಡು ಮೂರು ನಿಮಿಷದಲ್ಲಿ ಹೇಗೆ ಕೂರಬೇಕು? ಕ್ಯಾಸೆಟ್ ಬಂದಾಗ ಒಂದು ಮಗ್ಗುಲಿಗೆ ಅರ್ಧ ಗಂಟೆ ಸಿಕ್ಕಿತು. ಆಗ ಮತ್ತೆ ಕಥೆ ಹೇಳುವ ಹಾಡಿಗೆ ಜೀವ ಬಂತು. ಹಾಡಿನ ನಡುವೆ ಮಾತು, ನಗೆ, ಸವಾಲು-ಜವಾಬು ಎಲ್ಲ ಸೇರಿದವು. ಉತ್ತರ ಕರ್ನಾಟಕದ ಮಾತಿನಲ್ಲೇ ಹಾಡಿದ ಗುರುರಾಜ ಹೊಸಕೋಟೆಯವರ ಕ್ಯಾಸೆಟ್ಟುಗಳು ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮಗ್ಗದ ಶೆಡ್ಡಿನಲ್ಲಿ ಓಡಿದ್ದು ಆ ಕಾಲದಲ್ಲಿ. ಧಾರವಾಡ ಆಕಾಶವಾಣಿ 1950ರಿಂದಲೂ ನಮ್ಮ ಹಾಡು ಕೊಡುತ್ತಿತ್ತು, ನಿಜ. ಆದರೆ ಬೇಕೆಂದಾಗ ಬೇಕಾದ ಹಾಡನ್ನು ನಮ್ಮ ಮಾತಿನಲ್ಲಿ ಕೇಳುವ ಭಾಗ್ಯ ಕೊಟ್ಟಿದ್ದು ಕ್ಯಾಸೆಟ್.

ಸಿಡಿಯ ಕಾಲ ಬೇಗ ಮುಗಿಯಿತು. ಅದರ ಹಿಂದೆಯೇ ಮೆಮೊರಿ ಕಾರ್ಡಿನ ಕಾಲ. ಊರಿನ ಮೊಬೈಲ್ ಅಂಗಡಿಗೆ ಹೋಗಿ ಕಾರ್ಡ್ ಕೊಟ್ಟರೆ ನೂರಾರು ಹಾಡು ತುಂಬಿಸಿಕೊಡುತ್ತಿದ್ದರು. ಈ ಕಾಲದ ಹಾಡುಗಳೇ ಎಲ್ಲಕ್ಕಿಂತ ಅಪಾಯದಲ್ಲಿವೆ ಎಂದು ನನ್ನ ಅಭಿಪ್ರಾಯ. ಕ್ಯಾಸೆಟ್ಟಿಗೆ ಒಂದು ಹೊದಿಕೆ ಇತ್ತು. ಅದರ ಮೇಲೆ ಗಾಯಕನ ಫೋಟೋ, ಊರು, ಸಾಹಿತ್ಯ ಬರೆದವನ ಹೆಸರು ಇರುತ್ತಿತ್ತು. ಕಾರ್ಡಿಗೆ ಹೋದ ಹಾಡಿಗೆ ಹೆಸರೇ ಉಳಿಯಲಿಲ್ಲ. ‘ಟ್ರ್ಯಾಕ್ 07’, ‘ಜಾನಪದ ನ್ಯೂ’, ‘ಸೂಪರ್ ಹಿಟ್ 3’ ಎಂದು ಫೈಲಿಗೆ ಹೆಸರು. ಯಾರು ಹಾಡಿದರೋ, ಯಾವ ವರ್ಷವೋ. ಆ ಅಂಗಡಿಗಳ ಕಂಪ್ಯೂಟರಿನ ಹಾರ್ಡ್ ಡಿಸ್ಕುಗಳಲ್ಲಿ ನಮ್ಮ ಜಿಲ್ಲೆಗಳ ಒಂದು ಇಡೀ ದಶಕದ ಹಾಡಿತ್ತು. ಈಗ ಆ ಕಂಪ್ಯೂಟರುಗಳು ಗುಜರಿಗೆ ಹೋಗುತ್ತಿವೆ. ಹಾರ್ಡ್ ಡಿಸ್ಕ್ ಸುಮ್ನೆ ಇಟ್ಟರೂ ಕೆಡುತ್ತದೆ. ತಾಲೂಕು ಕೇಂದ್ರಗಳ ಹಳೆಯ ಮೊಬೈಲ್ ಅಂಗಡಿಯವರನ್ನು ಹುಡುಕಿ ಆ ಡಿಸ್ಕುಗಳನ್ನು ಕೇಳಿ ಪಡೆಯಿರಿ. ಮೊದಲ ಕೆಲಸ ಇದೇ ಆಗಬೇಕು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಹಾಡು ಯೂಟ್ಯೂಬಿಗೆ ಹೋಯಿತು. ನಮ್ಮ ಹುಡುಗರಿಗೆ ಬೆಂಗಳೂರಿನ ಕಂಪನಿಯ ಹಂಗು ತಪ್ಪಿತು. ತಾವೇ ಬರೆದು, ತಾವೇ ಹಾಡಿ, ಹೊಲದಲ್ಲಿ ವಿಡಿಯೋ ಮಾಡಿ ಹಾಕಿದರು. ಲಕ್ಷಗಟ್ಟಲೆ ಜನ ನೋಡಿದರು. ಮಾಳು ನಿಪನಾಳ, ಬಾಳು ಬೆಳಗುಂದಿ ಅವರಂಥ ಗಾಯಕರು ಅಲ್ಲಿಂದ ಟಿವಿ ವೇದಿಕೆಯವರೆಗೂ ಹೋದರು. ಹೆಸರಿನ ಜೊತೆ ತಮ್ಮ ಊರಿನ ಹೆಸರನ್ನೂ ಹೊತ್ತುಕೊಂಡು ಹೋಗುವ ಈ ಹುಡುಗರನ್ನು ಕಂಡರೆ ನನಗೆ ಹೆಮ್ಮೆ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆಯಿತು. ಬೆನ್ನಿಗೇ ರೀಲ್ಸ್, ಶಾರ್ಟ್ಸ್ ಬಂದವು. ಅಲ್ಲಿಂದ ನನ್ನ ಕೆಲಸವೂ ಬದಲಾಯಿತು. ಮೊದಲು ಹಾಡಿಗೆ ಪೀಠಿಕೆಯ ಸಂಗೀತ ಉದ್ದ ಇರುತ್ತಿತ್ತು, ಕೊಳಲೋ ಶಹನಾಯಿಯೋ ಬಂದು ಆಮೇಲೆ ಪಲ್ಲವಿ. ಈಗ ಮೊದಲ ಕ್ಷಣದಲ್ಲೇ ಹಿಡಿಯುವ ಸಾಲು ಬೇಕು. ಕುಣಿಯಲು ಅರ್ಧ ನಿಮಿಷ ಸಾಕು, ಉಳಿದ ಚರಣಗಳನ್ನು ಯಾರು ಕೇಳುತ್ತಾರೆ ಎನ್ನುತ್ತಾರೆ. ಚರಣ ಬರೆಯುವ ಕವಿಗೆ ಕೆಲಸ ಕಡಿಮೆಯಾಗುತ್ತಿದೆ.

ವಾದ್ಯಗಳ ಕಥೆ ಇನ್ನೂ ಕಿವಿಗೊಟ್ಟು ಕೇಳಬೇಕಾದದ್ದು. ಮೊದಲು ಹಲಗಿ, ಸಂಬಾಳ, ಡೊಳ್ಳು, ತುಂತುಣಿ ಬೇರೆ ಬೇರೆ ಮನುಷ್ಯರ ಕೈಯಲ್ಲಿದ್ದವು. ಆಕ್ಟೋಪ್ಯಾಡ್ ಬಂದ ಮೇಲೆ ಎಲ್ಲವೂ ಒಬ್ಬನ ಮುಂದಿನ ರಬ್ಬರ್ ಪ್ಯಾಡುಗಳಿಗೆ ಬಂದವು. ಈಗ ಅವನೂ ಬೇಡ. ಯಾವುದೋ ವರ್ಷ ಯಾರೋ ಒಬ್ಬ ಹಲಗಿಯವನು ಬಾರಿಸಿದ ನಾಲ್ಕು ಆವರ್ತನದ ಪೆಟ್ಟನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಅದು ಸ್ಟುಡಿಯೋದಿಂದ ಸ್ಟುಡಿಯೋಕ್ಕೆ ಪೆನ್‌ಡ್ರೈವಿನಲ್ಲಿ ತಿರುಗುತ್ತಿದೆ. ಎಷ್ಟೋ ಹಾಡುಗಳಲ್ಲಿ ನನಗೆ ಅದೇ ಪೆಟ್ಟು ಕೇಳುತ್ತದೆ. ಬಾರಿಸಿದವನ ಹೆಸರು ಯಾವ ಹಾಡಿನ ಕೆಳಗೂ ಇಲ್ಲ. ಸ್ವರ ತಿದ್ದುವ ಸಾಫ್ಟ್‌ವೇರು ಆಟೋಟ್ಯೂನ್ ಇನ್ನೊಂದು. ಗೀಗೀ ಹಾಡುವವರ ಎಳೆತ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ರೀತಿ, ಅದೇ ಆ ಹಾಡಿನ ರುಚಿ. ಸಾಫ್ಟ್‌ವೇರು ಆ ಜಾರನ್ನು ತಪ್ಪು ಎಂದು ತಿಳಿದು ನೆಟ್ಟಗೆ ಮಾಡುತ್ತದೆ. ಈಗಿನ ಹುಡುಗರು ಆ ನೆಟ್ಟಗಾದ ದನಿಯನ್ನೇ ಕೇಳಿ, ಹಾಗೆಯೇ ಹಾಡಲು ಕಲಿಯುತ್ತಿದ್ದಾರೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಬೇರೆ. ಇದು ಆಗಿದ್ದು ನಮ್ಮ ಕಣ್ಣೆದುರಿಗೆ. ಹಳೆಯ ದನಿಯ ಪ್ರತಿ ಉಳಿದಿದ್ದರೆ ಮುಂದಿನವರಿಗೆ ಆಯ್ಕೆಯಾದರೂ ಇರುತ್ತದೆ.

ದೊಡ್ಡವರೇ, ಈ ಕೆಲಸಕ್ಕೆ ನಮ್ಮ ನೆಲದಲ್ಲೇ ಮೇಲ್ಪಂಕ್ತಿ ಇದೆ. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರಿದ್ದರು. ಹೆಣ್ಣುಮಕ್ಕಳು ಬೀಸುತ್ತಾ, ಕುಟ್ಟುತ್ತಾ ಹಾಡಿದ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಲಾವಣಿಗಳನ್ನು ಕೂಡಿಸಿ ‘ಜೀವನ ಸಂಗೀತ’ ಮಾಡಿದರು. ಲಾವಣಿ ಎಂದರೆ ಆ ಕಾಲದ ಜನಪ್ರಿಯ ಹಾಡು ತಾನೇ? ಜಾತ್ರೆಯಲ್ಲಿ ಜನ ಮುಗಿಬಿದ್ದು ಕೇಳಿದ್ದು. ಓದಿದವರು ಅದನ್ನು ಕೀಳಾಗಿ ಕಂಡ ದಿನಗಳಲ್ಲಿ ಹಲಸಂಗಿ ಗೆಳೆಯರು ಅದರೊಳಗಿನ ಕಾವ್ಯ ಕಂಡರು. ಯಾವ ಅನುದಾನಕ್ಕೂ ಕಾಯಲಿಲ್ಲ. ಅವರ ಕೈಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ, ಹೀಗಾಗಿ ಪದ ಉಳಿಯಿತು, ಆ ಬಾಯಿಗಳ ದನಿ ಉಳಿಯಲಿಲ್ಲ. ನಮ್ಮ ಕೈಯಲ್ಲಿ ಎಲ್ಲವೂ ಇದೆ.

ನಾಲ್ಕು ನೂರು ವರ್ಷದ ಹಿಂದೆ ವಿಜಯಪುರವನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ತಾನು ಕಟ್ಟಿದ ಹಾಡುಗಳನ್ನು ರಾಗದ ಹೆಸರಿನ ಜೊತೆ ‘ಕಿತಾಬೆ ನವರಸ್’ ಪುಸ್ತಕದಲ್ಲಿ ಇಟ್ಟು ಹೋದ. ಆ ನೆನಪಿಗೆ ನವರಸಪುರ ಉತ್ಸವ ಮಾಡಿದ್ದೇವೆ. ದೊರೆಯ ಹಾಡು ಉಳಿದ ಹಾಗೆ ಟ್ರ್ಯಾಕ್ಟರ್ ಚಾಲಕನ ಹಾಡೂ ಉಳಿಯಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ?

ಒಂದು ಆಕ್ಷೇಪ ಬರುತ್ತದೆ, ನನಗೆ ಗೊತ್ತು. “ಈಗಿನ ಹಾಡುಗಳಲ್ಲಿ ಏನಿದೆ? ಎರಡರ್ಥದ ಮಾತು, ಡಿಜೆ ಗದ್ದಲ. ಇದನ್ನೂ ಕಾಪಾಡಬೇಕಾ?” ಎಂದು ಕೇಳುವವರಿದ್ದಾರೆ. ಹೌದು, ಕಾಪಾಡಬೇಕು. ಕೆಲವು ಹಾಡುಗಳಲ್ಲಿ ಹೆಣ್ಣುಮಕ್ಕಳ ಬಗ್ಗೆ ಬರುವ ಮಾತು ನನಗೂ ಹಿಡಿಸುವುದಿಲ್ಲ. ಅಂಥ ಹಾಡಿಗೆ ನುಡಿಸಲು ಕರೆದರೆ ಹೋಗುವುದಿಲ್ಲ. ಮನೆ ಮುಂದೆ ಎದೆ ನಡುಗಿಸುವ ಸ್ಪೀಕರು ಇಟ್ಟರೆ ಮುದುಕರಿಗೆ, ಕೂಸುಗಳಿಗೆ ಆಗುವ ತೊಂದರೆ ಸಣ್ಣದಲ್ಲ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡ ಎಂಬ ನಿಯಮ ಪಾಲಿಸಲೇಬೇಕು. ಆದರೆ ದಾಖಲೆಯ ಕೆಲಸ ಮೆಚ್ಚುಗೆಯ ಕೆಲಸ ಅಲ್ಲ. ಬರಿಯ ಒಳ್ಳೆಯದನ್ನೇ ಆರಿಸಿ ಇಟ್ಟರೆ ಮುಂದೆ ಓದುವವರಿಗೆ ನಮ್ಮ ಕಾಲದ ಬಗ್ಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಅದೂ ಅಲ್ಲದೆ, ಈ ಹುಡುಗರ ಹಾಡಿನಲ್ಲಿ ಬೇರೆ ಬಹಳ ಇದೆ. ಕಬ್ಬಿನ ಬಾಕಿ ಬಿಲ್ಲು ಇದೆ. ಪುಣೆ, ಗೋವಾಕ್ಕೆ ದುಡಿಯಲು ಹೋದವನ ಮನೆಯ ನೆನಪಿದೆ. ಹೊಲ ಇಲ್ಲ ಎಂದು ಹೆಣ್ಣು ಕೊಡದ ಮಾವನ ಮೇಲಿನ ಸಿಟ್ಟಿದೆ. ಹತ್ತು ವರ್ಷದ ಮೇಲೆ ನಮ್ಮ ಹಳ್ಳಿಯ ಹರೆಯದವರ ಮನಸ್ಸು ಹೇಗಿತ್ತು ಎಂದು ತಿಳಿಯಬೇಕಾದರೆ ಈ ಹಾಡುಗಳಿಗಿಂತ ಒಳ್ಳೆಯ ಸಾಕ್ಷಿ ಸಿಗಲಿಕ್ಕಿಲ್ಲ.

ಇವುಗಳ ಜೊತೆಗೆ ಇನ್ನೊಂದು ಸಾಕ್ಷಿ ಇದೆ, ಅದನ್ನು ಯಾರೂ ಗಮನಿಸುವುದಿಲ್ಲ. ಜಾತ್ರೆಗಳಲ್ಲಿ ಮಾರುವ ಸಣ್ಣ ಭಜನಾ ಪುಸ್ತಕಗಳು. ತೆಳು ಕಾಗದ, ಬಣ್ಣದ ಹೊದಿಕೆ. ಪ್ರತಿ ಪದದ ತಲೆಯ ಮೇಲೆ ‘ಧಾಟಿ’ ಎಂದು ಬರೆದು ಯಾವುದೋ ಸಿನಿಮಾ ಹಾಡಿನ ಮೊದಲ ಸಾಲು ಕೊಟ್ಟಿರುತ್ತಾರೆ. ದೇವರ ಪದ, ಸಿನಿಮಾದ ಧಾಟಿ. ಆ ವರ್ಷ ಊರಿನ ಎಲ್ಲರಿಗೂ ಬಾಯಿಪಾಠ ಇದ್ದ ಹಾಡು ಯಾವುದು ಎಂದು ಆ ಒಂದು ಸಾಲು ಹೇಳಿಬಿಡುತ್ತದೆ. ಎಲ್ಲರಿಗೂ ಗೊತ್ತಿಲ್ಲದ ಧಾಟಿಯನ್ನು ಯಾರು ಅಚ್ಚು ಹಾಕಿಸುತ್ತಾರೆ ಹೇಳಿ? ಇಂಥ ಪುಸ್ತಕಗಳನ್ನು ಅಚ್ಚಾದ ವರ್ಷದ ಪ್ರಕಾರ ಜೋಡಿಸಿದರೆ ನಮ್ಮ ಹಳ್ಳಿಗಳ ಜನಪ್ರಿಯ ಹಾಡುಗಳ ಪಟ್ಟಿಯೇ ತಯಾರಾಗುತ್ತದೆ. ಭಜನಾ ಮೇಳದವರ ಮನೆಯ ಹಾರ್ಮೋನಿಯಂ ಪೆಟ್ಟಿಗೆಗಳಲ್ಲಿ ಅವು ಇನ್ನೂ ಇವೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ?

ಅಚ್ಚಾದ ಪುಸ್ತಕಕ್ಕಾದರೂ ಒಂದು ಕಾಯ್ದೆಯ ಆಸರೆ ಇದೆ. 1954ರ ಪುಸ್ತಕ ಒಪ್ಪಿಸುವ ಕಾಯ್ದೆ ಪ್ರಕಾರ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕು. 1956ರಲ್ಲಿ ಪತ್ರಿಕೆಗಳನ್ನೂ ಸೇರಿಸಿದರು. ಹಾಡಿನ ರೆಕಾರ್ಡು ಆ ಕಾಯ್ದೆಯಲ್ಲಿ ಇಲ್ಲ. ಯೂಟ್ಯೂಬಿನಲ್ಲಿ ಇದೆಯಲ್ಲ ಎಂದು ನೆಮ್ಮದಿಯಾಗಿ ಕೂರಬೇಡಿ. ಚಾನೆಲ್ ಹ್ಯಾಕ್ ಆದರೆ, ಪಾಸ್‌ವರ್ಡ್ ಮರೆತರೆ, ಕಾಪಿರೈಟ್ ಜಗಳದಲ್ಲಿ ಚಾನೆಲ್ ಹೋದರೆ ಎಲ್ಲವೂ ಒಂದೇ ದಿನಕ್ಕೆ ಮಾಯ. ನಾನು ಟ್ರ್ಯಾಕ್ ಮಾಡಿದ ಎಷ್ಟೋ ಹಾಡುಗಳು ಈಗ ಹುಡುಕಿದರೆ ಸಿಗುವುದಿಲ್ಲ. ಸಿಕ್ಕರೂ ಬೇರೆ ಯಾರದೋ ಚಾನೆಲ್ಲಿನಲ್ಲಿ, ಬೇರೆ ಹೆಸರಿನಲ್ಲಿ. ಮೇಲಾಗಿ ಯೂಟ್ಯೂಬಿನಲ್ಲಿ ಕೇಳುವುದು ಕುಗ್ಗಿಸಿದ ದನಿ. ಕುಗ್ಗಿಸದ ಮೂಲ ಫೈಲು ಆ ಸಣ್ಣ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ, ಜಾಗ ಸಾಲದೆ ಹೋದಾಗ ಅಳಿಸಿ ಹಾಕುತ್ತಾರೆ.

ಹೇಗೆ ಮಾಡಬೇಕು ಎಂಬುದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ. ಯೂಟ್ಯೂಬಿನ ನೋಟದ ಲೆಕ್ಕ ಒಂದನ್ನೇ ನಂಬಬೇಡಿ, ಅದನ್ನು ಏರಿಸುವ ದಾರಿಗಳಿವೆ. ಗೀತ್‌ಮಾಲಾದವರ ಹಾಗೆ ಜನರನ್ನೇ ಕೇಳಿ. ಪ್ರತಿ ತಾಲೂಕಿನಲ್ಲಿ ಡಿಜೆ ಸೆಟ್ಟಿನವರು, ಬ್ಯಾಂಡಿನವರು, ಕಬ್ಬಿನ ಗಾಡಿಯ ಚಾಲಕರು, ಭಜನಾ ಮೇಳದವರು, ಮದುವೆಗೆ ಹಾಡುವ ಹೆಣ್ಣುಮಕ್ಕಳು, ಇವರನ್ನು ವರ್ಷಕ್ಕೊಮ್ಮೆ ಕೂಡಿಸಿ ಕೇಳಿದರೆ ಸಾಕು. ಹಂಗಾಮು, ಜಾತ್ರೆ, ಮದುವೆ ಎಲ್ಲ ಮುಗಿದು ಮುಂಗಾರು ಕಾಯುವ ಹೊತ್ತು ಇದಕ್ಕೆ ಒಳ್ಳೆಯದು, ಆಗ ಕಲಾವಿದರಿಗೆ ಬಿಡುವು. ಹಾಡಿನ ಮೂಲ ಫೈಲನ್ನು ಸ್ಟುಡಿಯೋದವರಿಂದಲೇ ಪಡೆಯಿರಿ. ಹಳೆಯ ಕ್ಯಾಸೆಟ್ಟಿದ್ದರೆ ಒಳ್ಳೆಯ ಡೆಕ್ಕಿನಲ್ಲಿ ಹಾಕಿ, 24 ಬಿಟ್, 48 ಅಥವಾ 96 ಕಿಲೋಹರ್ಟ್ಜ್ ಲೆಕ್ಕದಲ್ಲಿ ವೇವ್ ಫೈಲ್ ಮಾಡಿ. ಎಂಪಿ3 ಮಾಡಿ ಕೈ ತೊಳೆದುಕೊಳ್ಳಬೇಡಿ. ಬೇರೆ ಬೇರೆ ಊರಿನಲ್ಲಿ ಪ್ರತಿ ಇಡಿ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರೂ ಕಡೆ ಒಂದೊಂದು ಇರಲಿ. 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಮೂರೂ ಏರಿದಾಗ ಎಷ್ಟು ಮನೆ ಬಿದ್ದವು ಎಂದು ನಿಮಗೆ ಗೊತ್ತು. ಆ ಮನೆಗಳಲ್ಲಿ ಕಲಾವಿದರ ಮನೆಗಳೂ ಇದ್ದವು. ಪುಸ್ತಕ, ಕ್ಯಾಸೆಟ್, ವಾದ್ಯ ಎಲ್ಲ ನೀರುಪಾಲಾಯಿತು. ಅದಕ್ಕೂ ಮೊದಲು ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರು ಏನೇನು ಬಿಟ್ಟು ಬಂದರೋ. ಮುಳುಗಡೆಯ ಮೇಲೆ ಕಟ್ಟಿದ ಭಜನಾ ಪದಗಳನ್ನು ನಾನು ನುಡಿಸಿದ್ದೇನೆ. ಅವುಗಳನ್ನು ಕಟ್ಟಿದ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ.

ಹೆಣ್ಣುಮಕ್ಕಳ ಹೆಸರಿನ ಬಗ್ಗೆ ವಿಶೇಷವಾಗಿ ಕೇಳಿಕೊಳ್ಳುತ್ತೇನೆ, ಮಹಿಳಾ ವಿಶ್ವವಿದ್ಯಾಲಯ ಇದನ್ನು ಕೈಗೆತ್ತಿಕೊಂಡರೆ ಚೆನ್ನ. ಶ್ರೀಕೃಷ್ಣ ಪಾರಿಜಾತ ಬಯಲಾಟ ಎಂದ ಕೂಡಲೇ ಕೌಜಲಗಿ ನಿಂಗಮ್ಮನವರ ಹೆಸರು ಬರುತ್ತದೆ. ಅಂಥ ಹೆಸರು ಗಳಿಸಿದವರು ಕೆಲವೇ ಜನ. ಜೋಡಿ ಹಾಡುಗಳಲ್ಲಿ ಹಾಡುವ ಹುಡುಗಿಯ ಹೆಸರು ಎಷ್ಟೋ ಸಲ ವಿಡಿಯೋದ ಕೆಳಗೆ ಇರುವುದೇ ಇಲ್ಲ. ವಿಡಿಯೋದಲ್ಲಿ ಕುಣಿದವಳ ಹೆಸರಿರುತ್ತದೆ, ಹಾಡಿದವಳದ್ದು ಇರುವುದಿಲ್ಲ. ದುಡ್ಡೂ ಕಡಿಮೆ, ಹೆಸರೂ ಇಲ್ಲ. ಹಾಡು ಹಿಟ್ ಆದರೆ ಜಾತ್ರೆಯ ವೇದಿಕೆಗೆ ಕರೆಯುವುದು ಗಂಡಸನ್ನು.

ಹಕ್ಕಿನ ಮಾತು ತೊಡಕಿನದು, ಆದರೆ ಅದನ್ನೇ ನೆಪ ಮಾಡಿ ಕೆಲಸ ನಿಲ್ಲಿಸಬಾರದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ರೆಕಾರ್ಡಿಂಗಿನ ಹಕ್ಕು ಅದು ಹೊರಬಂದ ಮೇಲೆ 60 ವರ್ಷ. ಸಾಹಿತ್ಯ, ಸಂಗೀತದ ಹಕ್ಕು ಕಟ್ಟಿದವರ ಜೀವಮಾನ ಮತ್ತು ಆಮೇಲೆ 60 ವರ್ಷ. 2012ರ ತಿದ್ದುಪಡಿ ಬರೆದವರಿಗೆ, ಸಂಗೀತ ಮಾಡಿದವರಿಗೆ ಗೌರವಧನದ ಹಕ್ಕನ್ನು ಗಟ್ಟಿ ಮಾಡಿತು. ನಮ್ಮ ಹಳ್ಳಿಯ ಸಾಹಿತ್ಯ ಬರೆಯುವ ಹುಡುಗರಿಗೆ ಇದು ಗೊತ್ತೇ ಇಲ್ಲ. ಒಂದು ಸಲಕ್ಕೆ ಸಿಕ್ಕಷ್ಟು ದುಡ್ಡು ತೆಗೆದುಕೊಂಡು ಹಾಡು ಕೊಟ್ಟುಬಿಡುತ್ತಾರೆ. ಬರೆದವರು ಯಾರು, ಯಾವ ದಿನ ಹೊರಬಂತು ಎಂಬ ದಾಖಲೆ ನಿಮ್ಮ ಹತ್ತಿರ ಇದ್ದರೆ ನಾಳೆ ಅವರ ಹಾಡನ್ನು ಯಾರಾದರೂ ಸಿನಿಮಾಕ್ಕೆ ಎತ್ತಿಕೊಂಡಾಗ ಕೇಳಲು ಒಂದು ಆಧಾರ ಸಿಗುತ್ತದೆ. ಹಾಡನ್ನು ನೀವು ಕಾಪಾಡಿ ಇಡಿ, ಎಲ್ಲರಿಗೂ ಬಿಡುವುದು ಹಕ್ಕುದಾರರ ಒಪ್ಪಿಗೆ ಮೇಲೆ ಇರಲಿ. ಪಟ್ಟಿ ಮಾತ್ರ ಮೊದಲ ದಿನದಿಂದಲೇ ಎಲ್ಲರಿಗೂ ಸಿಗಲಿ.

ನನ್ನ ಹತ್ತಿರ ಇರುವ ಕ್ಯಾಸೆಟ್ಟುಗಳು, ಭಜನಾ ಪುಸ್ತಕಗಳು, ನಾನು ಮಾಡಿದ ಟ್ರ್ಯಾಕುಗಳ ಮೂಲ ಫೈಲುಗಳನ್ನು ಕೊಡಲು ಸಿದ್ಧನಿದ್ದೇನೆ. ಗೊತ್ತಿರುವ ಕಲಾವಿದರ, ಸ್ಟುಡಿಯೋದವರ ಮನೆಗೆ ನಿಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತೇನೆ, ಹಳೆಯ ಹಾಡು ಕೇಳಿ ಗುರುತು ಹಿಡಿಯಲು ಕೂರುತ್ತೇನೆ. ನನ್ನಂಥವರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಮುಂದಿನ ಕಬ್ಬಿನ ಹಂಗಾಮು ಶುರುವಾಗುವ ಮೊದಲು ಬಾಗಲಕೋಟೆಯಲ್ಲಿ ಒಂದು ಸಭೆ ಕರೆಯಿರಿ. ಮೂರೂ ಜಿಲ್ಲೆಯವರು ಬರಲು ಅನುಕೂಲವಾಗುವ ಊರು ಅದು. ಪ್ರಾಧ್ಯಾಪಕರ ಜೊತೆಗೆ ಹಾಡುವವರನ್ನೂ, ಡಿಜೆಯವರನ್ನೂ ಅದೇ ಸಭೆಗೆ ಕರೆಯಿರಿ. ದೂರದ ಊರಿನಿಂದ ಬರುವ ಕಲಾವಿದರಿಗೆ ಬಸ್ ಖರ್ಚು ಕೊಡುವುದನ್ನು ಮರೆಯಬೇಡಿ.

ಇಂತಿ ನಿಮ್ಮ,
ರಬಕವಿ-ಬನಹಟ್ಟಿಯ ಒಬ್ಬ ಹಾರ್ಮೋನಿಯಂ ವಾದಕ